ಎದುರಿಗೆ ನುಂಗಿದರು

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಮೊದಲ ಚುಕ್ಕೆ ಬಿತ್ತು. ಮೇಘಾ ಇನ್ನೂ ಹಾಸಿಗೆಯಲ್ಲೇ ಇದ್ದಳು. ಕಣ್ಣಿಗಿಂತ ಮೊದಲು ಕೈಗೆ ಎಚ್ಚರವಾಗಿ ದಿಂಬಿನ ಪಕ್ಕದ ಫೋನನ್ನು ಎತ್ತಿಕೊಂಡಿತ್ತು. ಪರದೆಯ ಮೇಲೆ ಸಿಂಧನೂರು ತಾಲ್ಲೂಕಿನ ನಕಾಶೆ, ಕಾಲುವೆಗಳ ನೀಲಿ ಗೆರೆ, ವಳಕಮದಿನ್ನಿಯ ಮೇಲೆ ಒಂದು ಹಸಿರು ಚುಕ್ಕೆ. ನೋಡುತ್ತಿರುವಾಗಲೇ ಇನ್ನೊಂದು. ಮತ್ತೊಂದು. ಅಭಿಯಾನ ಶುರುವಾಗಿ ಇದು ಐದನೆಯ ದಿನ. ಆನೆಕಾಲು ರೋಗದ ಗುಳಿಗೆಯನ್ನು ರೋಗ ಇದ್ದವರಿಗೂ ಇಲ್ಲದವರಿಗೂ, ಊರಿಗೆ ಊರಿಗೇ ನುಂಗಿಸುವ ಕೆಲಸ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಗುಳಿಗೆ ಕೊಟ್ಟು, ಪ್ರತಿ ಹೆಸರಿನ ಮುಂದೆ ತಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ‘ಎದುರಿಗೆ ನುಂಗಿದರು’ ಎಂದರೆ ಹಸಿರು, ‘ಕೊಟ್ಟು ಬಂದೆ’ ಎಂದರೆ ಹಳದಿ, ‘ಬೇಡವೆಂದರು’ ಎಂದರೆ ಕೆಂಪು. ಒತ್ತಿದ ಹೊತ್ತು, ಒತ್ತಿದ ಜಾಗ ಎರಡೂ ಮೇಘಾಳ ಫೋನಿಗೆ ಬಂದು ಕೂರುತ್ತಿದ್ದವು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರು ತಾಲ್ಲೂಕುಗಳ ಚುಕ್ಕೆ ಕಾಯುವುದೇ ಅವಳ ಕೆಲಸ. ಒಂದು ಸಂಸ್ಥೆಯವರು ಅವಳನ್ನು ಅದಕ್ಕೆಂದೇ ತೆಗೆದುಕೊಂಡಿದ್ದರು. ಐದು ದಿನಗಳಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ, ಹಸಿವಿಲ್ಲ. ಮೈತುಂಬ ಒಂದು ಹುರುಪು. ಮಾತನಾಡಿಸಿದವರಿಗೆಲ್ಲ ಎಷ್ಟು ಸಾವಿರ ಆಯಿತೆಂದು ಕೇಳದಿದ್ದರೂ ಹೇಳುತ್ತಿದ್ದಳು. ತಾನು ಒಂದು ದೊಡ್ಡ ಕಾರ್ಯದ ನಟ್ಟನಡುವೆ ನಿಂತಿದ್ದೇನೆ ಎಂಬ ಈ ಸುಖ ಅವಳಿಗೆ ಇಪ್ಪತ್ತೇಳು ವರ್ಷದಲ್ಲಿ ಹೊಸದು.

ಆರು ಗಂಟೆ ಐದು ನಿಮಿಷಕ್ಕೆ ಅರವತ್ತೊಂದು ಚುಕ್ಕೆಗಳಾಗಿದ್ದವು. ಆದರೆ ಅವು ಹರಡಲಿಲ್ಲ. ಒಂದರ ಮೇಲೊಂದು ಬಿದ್ದು, ಕಾಲುವೆಯ ದಾರಿಯ ಪಕ್ಕ ಒಂದೇ ಕಡೆ ಗುಡ್ಡೆಯಾದವು. ಸ್ವಲ್ಪ ಹೊತ್ತಿಗೆ ಫೋನು ತಾನಾಗಿಯೇ ಆ ಗುಡ್ಡೆಯ ಸುತ್ತ ಕೆಂಪು ಬಳೆಯೊಂದನ್ನು ಎಳೆದು, ‘ಒಂದೇ ಜಾಗ, ಪರಿಶೀಲಿಸಿ’ ಎಂದಿತು. ಮೇಘಾ ಎದ್ದು ಕುಳಿತಳು. ಸಿಕ್ಕಳು, ಎಂದಿತು ಮನಸ್ಸು. ವಳಕಮದಿನ್ನಿಯ ಆಶಾ ಕಾರ್ಯಕರ್ತೆ ಶಿವಕುಮಾರಿ. ಮುಖ ನೆನಪಾಗಲಿಲ್ಲ. ತರಬೇತಿಯ ದಿನ ಹಿಂದಿನ ಸಾಲಿನಲ್ಲಿ ಕೂತು ಒಂದೂ ಪ್ರಶ್ನೆ ಕೇಳದವರಲ್ಲಿ ಒಬ್ಬಳಿರಬೇಕು. ನಸುಕಿನಲ್ಲಿ ಹಾಸಿಗೆಯ ಮೇಲೆ ಕೂತು, ಊರವರ ಹೆಸರುಗಳ ಪಟ್ಟಿ ತೆರೆದು, ಟಕಟಕ ಒತ್ತಿದ್ದಾಳೆ. ಅರವತ್ತೊಂದು ಜನ ಒಂದು ಗೇಣು ಜಾಗದಲ್ಲಿ ನಿಂತು ಗುಳಿಗೆ ನುಂಗುತ್ತಾರೆಯೇ? ಹೀಗೆ ಅಂದುಕೊಳ್ಳುವಾಗಲೇ ಶಾಹೀಸ್ತಾಳ ಅಳು ಕಿವಿಯಲ್ಲಿ ಎದ್ದಿತು. ಮೂರು ದಿನಗಳ ಹಿಂದೆ, ಹಟ್ಟಿಯ ಆಚೆಯ ಒಂದು ಹಳ್ಳಿಯ ನಲವತ್ತೆಂಟು ಚುಕ್ಕೆಗಳು ಹೀಗೆಯೇ ಬಸ್‌ಸ್ಟ್ಯಾಂಡಿನಲ್ಲಿ ಗುಡ್ಡೆಬಿದ್ದಿದ್ದಾಗ, ಮೇಘಾ ಹಿಂದುಮುಂದು ನೋಡದೆ ಅದರ ಚಿತ್ರ ತೆಗೆದು ಎಲ್ಲರೂ ಇರುವ ಗುಂಪಿಗೆ ಹಾಕಿದ್ದಳು. ಸಂಜೆಯ ವಿಡಿಯೋ ಮೀಟಿಂಗಿನಲ್ಲಿ ಮೇಲಿನವರು ನೂರಿಪ್ಪತ್ತು ಜನರ ಎದುರು ಆ ಹಳ್ಳಿಯ ಆಶಾ ಶಾಹೀಸ್ತಾಳನ್ನು ಹೆಸರು ಹಿಡಿದು ಬೈದರು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅವಳ ಮುಖ, ತಲೆಯ ಮೇಲಿನ ಸೆರಗು, “ನಮ್ಮೂರಾಗ ನೆಟ್‌ವರ್ಕ್ ಸಿಗಂಗಿಲ್ರೀ ಸರ್, ಹಾಳ್ಯಾಗ ಬರ್ಕೊಂಡು ಬಸ್‌ಸ್ಟ್ಯಾಂಡಿಗೆ ಬಂದು ಒತ್ತೀನ್ರೀ” ಎಂದು ಅಳುವ ಬಾಯಿ. ಮೇಘಾ ತನ್ನ ಕ್ಯಾಮೆರಾ ಬಂದ್ ಮಾಡಿಕೊಂಡಿದ್ದಳು. ಮರುದಿನ ‘ತಪ್ಪಾಯಿತು’ ಎಂದು ಮೂರು ಸಲ ಬರೆದು ಮೂರು ಸಲವೂ ಅಳಿಸಿದ್ದಳು.

ಈ ಸಲ ಗುಂಪಿಗೆ ಹಾಕುವುದು ಬೇಡ, ತಾನೇ ಹೋಗಿ ನೋಡುತ್ತೇನೆ ಎಂದುಕೊಂಡು ಸ್ನಾನಕ್ಕೆ ನೀರು ಕಾಯಿಸಿದಳು. ಅದು ಎಚ್ಚರವೋ, ಅಥವಾ ಸಿಕ್ಕಿಬೀಳುವವಳ ಮುಖವನ್ನು ಎದುರಿಗೇ ನೋಡುವ ಆಸೆಯೋ ಅವಳಿಗೇ ಬಗೆಹರಿಯಲಿಲ್ಲ. ಈ ಸಲವಾದರೂ ಶಂಕೆ ನಿಜವಾದರೆ ಶಾಹೀಸ್ತಾಳ ವಿಷಯದಲ್ಲಿ ಆದದ್ದು ಒಂದಿಷ್ಟು ಹಗುರಾಗುತ್ತದೆ ಎಂಬ ಲೆಕ್ಕವೂ ಒಳಗೆಲ್ಲೋ ಇತ್ತು. ತಂಬಿಗೆ ಹಿಡಿದ ಎಡಗೈಯ ತೋರುಬೆರಳಿನ ಉಗುರಿನ ಬುಡದಲ್ಲಿ ಕಪ್ಪು ಶಾಯಿಯ ಗೆರೆ ಇನ್ನೂ ಗಟ್ಟಿಯಾಗಿತ್ತು. ನುಂಗಿದವರ ಬೆರಳಿಗೆ, ಮತ ಹಾಕಿದವರಿಗೆ ಹಾಕುವಂತೆ, ಹಾಕುವ ಗೆರೆ ಅದು. ಸಾಬೂನು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಮೂರು ತಾಲ್ಲೂಕುಗಳ ಲಕ್ಷಗಟ್ಟಲೆ ಹಸಿರು ಚುಕ್ಕೆಗಳಲ್ಲಿ ಒಂದು ಸುಳ್ಳೆಂಬುದು ಅವಳಿಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತಿತ್ತು: ‘ಮೇಘಾ ಅಂಬಪ್ಪ, ೨೭, ಎದುರಿಗೆ ನುಂಗಿದರು.’ ಉದ್ಘಾಟನೆಯ ದಿನ ವೇದಿಕೆಯ ಕೆಳಗೆ ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ಗುಳಿಗೆ ನುಂಗುವಾಗ ಫೋಟೋ ತೆಗೆದರು. ಅವಳೂ ಬಾಯಿ ತೆರೆದು ನಕ್ಕಳು, ನೀರು ಕುಡಿದಳು. ಗುಳಿಗೆಗಳು ಮುಷ್ಟಿಯಲ್ಲೇ ಉಳಿದವು. ಯಾರೂ ನೋಡಲಿಲ್ಲ, ಫೋಟೋ ತೆಗೆದ ಮೇಲೆ ನೋಡುವವರು ಯಾರು?

ಹೆದರಿಕೆ ಗುಳಿಗೆಯದಲ್ಲ. ಆ ಗುಳಿಗೆ ಆರೋಗ್ಯವಂತರಿಗೆ ಏನೂ ಮಾಡುವುದಿಲ್ಲವೆಂದು ಊರೂರಿಗೆ ಹೇಳಿಬಂದವಳೇ ಅವಳು. ರಕ್ತದಲ್ಲಿ ಮೊದಲೇ ಹುಳ ಇದ್ದವರಿಗೆ ಮಾತ್ರ, ಹುಳ ಸಾಯುವಾಗ ಜ್ವರ, ನಡುಕ, ವಾಂತಿ. ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ಅದನ್ನೂ ಅವಳೇ ಹೇಳಿಕೊಟ್ಟಿದ್ದಳು. ಅಂದರೆ ನುಂಗಿದ ಮೇಲೆ ಜ್ವರ ಬಂದರೆ ಗೊತ್ತಾಗಿಬಿಡುತ್ತದೆ. ಮಸ್ಕಿಯ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ಅಪ್ಪ ಮಣೆಯ ಮೇಲೆ ಊದಿಕೊಂಡ ಬಲಗಾಲಿಟ್ಟುಕೊಂಡು, ಸಾಬೂನು ಹಚ್ಚಿ, ಮಡಿಕೆ ಮಡಿಕೆಯ ನಡುವೆ ಬೆರಳಾಡಿಸಿ ತೊಳೆದು, ಹಳೆಯ ಧೋತರದ ತುಂಡಿನಿಂದ ಒತ್ತಿ ಒತ್ತಿ ಒರೆಸುತ್ತಿದ್ದ. ಮಗುವನ್ನು ಮೀಯಿಸುವಷ್ಟು ಜೋಪಾನ. ಅದೇ ಮನೆ, ಅದೇ ಸೊಳ್ಳೆ, ಅದೇ ಹಾಸಿಗೆಯ ಸಾಲಿನಲ್ಲಿ ಅವಳು ಹದಿನೆಂಟು ವರ್ಷ ಮಲಗಿದ್ದಳು. ಬೆರಳು ಚುಚ್ಚಿ ಹತ್ತು ನಿಮಿಷದಲ್ಲಿ ಹೇಳುವ ಪರೀಕ್ಷೆಯನ್ನೂ ಅವಳು ಎರಡು ಸಲ ತಪ್ಪಿಸಿಕೊಂಡಿದ್ದಳು. ಗೊತ್ತಿಲ್ಲದಿರುವ ತನಕ ಇಲ್ಲ. ಇಷ್ಟು ಓದಿ, ಇಷ್ಟು ತಿಳಿದು, ಒಳಗೆ ಹೀಗೊಂದು ಮೂಢತನವನ್ನು ಸಾಕಿಕೊಂಡಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆಯಾದಷ್ಟೂ ಬೇರೆಯವರ ಚುಕ್ಕೆಗಳನ್ನು ಇನ್ನಷ್ಟು ಹತ್ತಿರದಿಂದ ನೋಡುತ್ತಿದ್ದಳು.

ಸ್ಕೂಟಿ ಕಾಲುವೆಯ ದಾರಿಗೆ ಇಳಿದ ಮೇಲೆ ಮತ್ತೆ ಹುರುಪು ತುಂಬಿಕೊಂಡಿತು. ಕಾಲುವೆಗೆ ನೀರು ಬಿಟ್ಟು ತಿಂಗಳಾಗಿತ್ತು. ಎರಡೂ ಕಡೆ ಕೆಸರು ಕಲಸಿ ರೊಜ್ಜು ಹೊಡೆದ ಗದ್ದೆಗಳು ಕನ್ನಡಿ ಹಾಸಿದಂತೆ ಮಿಂಚುತ್ತಿದ್ದವು, ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಸಾಲಾಗಿ ನಡೆಯುತ್ತಿದ್ದವು. ತರಬೇತಿಯಲ್ಲಿ ಹೇಳುವ ಮಾತುಗಳನ್ನು ಅವಳು ಗಾಳಿಗೆ ಹೇಳುತ್ತ ಹೋದಳು. ನೋಡ್ರೀ ಅಕ್ಕಾರ, ಫೋನಿಗೆ ಸುಳ್ಳು ಹೇಳಬಹುದು, ಹುಳಕ್ಕ ಹೇಳಾಕ ಆಗಂಗಿಲ್ಲ. ಚೆನ್ನಾಗಿದೆ, ಇದನ್ನೇ ಹೇಳಬೇಕು, ಎಂದುಕೊಂಡಳು. ಮರುಕ್ಷಣ ಅದೇ ಮಾತು ತಿರುಗಿ ತನ್ನ ಮುಖಕ್ಕೇ ಬಡಿದಂತಾಗಿ ಗಾಡಿಯ ವೇಗ ತಾನಾಗಿ ಕಡಿಮೆಯಾಯಿತು.

ಊರ ಬಾಯಲ್ಲೇ ಅಮರಗುಂಡಪ್ಪನವರ ಕಿರಾಣಿ ಅಂಗಡಿ. ಹಣೆಯ ಮೇಲೆ ಅಗಲ ವಿಭೂತಿ, ಬಿಳಿ ಅಂಗಿ, ಊರಿನ ಅರ್ಧ ಗದ್ದೆ ತಮ್ಮವೇ ಎಂಬಂಥ ನಿಧಾನದ ನೋಟ. ಅವಳ ಕೊರಳಿನ ಗುರುತಿನ ಚೀಟಿಯನ್ನು ದೂರದಿಂದಲೇ ಓದಿ, “ಗುಳಿಗಿ ಮಂದಿ ಏನ್ರೀ?” ಎಂದರು.

“ಹೌದ್ರೀ. ನೀವು ನುಂಗೀರೇನ್ರೀ?”

“ನಾವ್ಯಾಕ ನುಂಗೋಣವಾ? ನಮ್ಮ ಮನ್ಯಾಗ ಯಾರಿಗೂ ಆ ರೋಗ ಇಲ್ಲ. ಇದ್ದ ಮಂದಿಗೆ ನುಂಗಿಸ್ರಿ. ಆ ಗುಳಿಗಿ ನುಂಗಿದ್ರ ಏನೇನೋ ಆಗ್ತದಂತ ಫೋನಿನ್ಯಾಗ ಬಂದೈತಿ.”

“ಆಶಾ ಅಕ್ಕಾರು ನಿಮ್ಮ ಓಣಿಗೆ ಬಂದಿದ್ರೇನ್ರೀ?”

“ಎಲ್ಲಿ ಬಂದಾಳ? ಇವತ್ತು ನಸುಕಿನ್ಯಾಗ ನೋಡಿದೆ, ಅಕಾ ಅಲ್ಲಿ ಕೂಲಿ ಮಂದಿ ಹತ್ತೋ ಟಂಟಂ ಆಟೋ ನಿಲ್ಲೋ ಜಾಗದಾಗ ಕಟ್ಟಿಮ್ಯಾಲ ಕುಂತು ಫೋನ್ ಒತ್ತಾಕತ್ತಿದ್ಲು.” ಆಮೇಲೆ ಕೊಂಚ ಬಾಗಿ, ಕಳಕಳಿಯ ದನಿಯಲ್ಲೇ, “ನಿಮ್ಮೂರು ಯಾವುದವಾ?” ಎಂದರು.

“ಮಸ್ಕಿ ರೀ.”

“ಮಸ್ಕ್ಯಾಗ ಯಾರ ಪೈಕಿ?”

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಪರದೆಯ ಮೇಲೆ ‘ಅಪ್ಪ’. ಯಾರ ಫೋನು ಬಂದರೂ, ತಾನೇ ಯಾರಿಗೆ ಮಾಡಿದರೂ ಅಂಬಪ್ಪ ಮೊದಲು ದೊಡ್ಡ ದನಿಯಲ್ಲಿ ‘ಜೈ ಭೀಮ್’ ಎನ್ನುತ್ತಿದ್ದ. ಮೇಘಾ ಎರಡು ಹೆಜ್ಜೆ ಆಚೆ ಸರಿದು, ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿ, ಆಮೇಲೆ ಕಿವಿಗಿಟ್ಟುಕೊಂಡಳು. ಅಪ್ಪನ ದನಿ ಇರುವೆಯ ದನಿಯಂತೆ ಬಂತು. “ಜೈ ಭೀಮ್ ಅವ್ವಾ. ಎಲ್ಲಿದ್ದೀ? ಗುಳಿಗಿ ನುಂಗಿದಿ ಹೌದಿಲ್ಲ? ನಿಮ್ಮವ್ವಗ, ನಂಗ ನಿನ್ನೆ ನುಂಗಿಸಿ ಹೋದ್ರು. ನಾ ಆ ಹುಡುಗಿಗೆ ಹೇಳಿದೆ, ಈ ಕೆಲಸದಾಗ ನನ್ನ ಮಗಳು ದೊಡ್ಡ ಸಾಹೇಬ್ತಿ ಅದಾಳಂತ.” ಅವಳು “ಹೂಂ ಅಪಾ, ಆಮ್ಯಾಲ ಮಾಡ್ತೀನಿ” ಎಂದು ಇಟ್ಟಳು. ಹಿಂದೊಮ್ಮೆ, ಓದುವ ದಿನಗಳಲ್ಲಿ, ಲಿಂಗಸುಗೂರಿನ ಹಾಸ್ಟೆಲಿನ ಗೆಳತಿಯೊಬ್ಬಳು ಮಸ್ಕಿಗೆ ಬಂದಾಗ, ಶಾಲೆಯ ಗೇಟಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಗಂಟೆ ಬಾರಿಸುತ್ತಿದ್ದವನನ್ನು ತೋರಿಸಿ ಯಾರೆಂದು ಕೇಳಿದ್ದಳು. ಸಾಲಿ ಜವಾನ, ಎಂದಿದ್ದಳು ಮೇಘಾ. ಸುಳ್ಳಲ್ಲ. ಅಪ್ಪ ಆ ಶಾಲೆಯ ಜವಾನನೇ. ಸುಳ್ಳಾಗಿದ್ದರೆ ಇಷ್ಟೊತ್ತಿಗೆ ಮರೆತುಹೋಗುತ್ತಿತ್ತೇನೋ. ತಿರುಗಿ ನೋಡಿದರೆ ಅಮರಗುಂಡಪ್ಪನವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. “ಡ್ಯೂಟಿ ಐತ್ರೀ” ಎಂದು ಸ್ಕೂಟಿ ಏರಿದಳು. ಬೆನ್ನಿಗೆ ಆ ನೋಟ ಅಂಟಿಕೊಂಡೇ ಬಂತು.

ಶಿವಕುಮಾರಿ ಮನೆಯ ಮುಂದೆ ಹಸಿ ಬಟ್ಟೆ ಹರವುತ್ತಿದ್ದಳು. ಮೂವತ್ತೈದರ ಆಸುಪಾಸಿನ ತೆಳ್ಳನೆಯ ಹೆಂಗಸು. ಮೇಘಾಳನ್ನು ಕಂಡದ್ದೇ ಕೈಯಲ್ಲಿದ್ದ ಬಟ್ಟೆಯನ್ನು ಬುಟ್ಟಿಗೇ ಹಾಕಿ ಸೆರಗು ಸರಿಮಾಡಿಕೊಂಡಳು. ಆ ಗಾಬರಿ ನೋಡಿ ಮೇಘಾಳ ಎದೆ ಹಿಗ್ಗಿತು. ಹಿಗ್ಗಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು. ಫೋನು ಮುಂದೆ ಹಿಡಿದು, “ಇದು ಏನ್ರೀ?” ಎಂದಳು.

ಶಿವಕುಮಾರಿ ಕೆಂಪು ಬಳೆಯನ್ನು ಬಾಗಿ ನೋಡಿದಳು. “ಕಟ್ಟಿಮ್ಯಾಲ ಕುಂತು ಒತ್ತೀನ್ರೀ ಮೇಡಂ. ತಪ್ಪೇನ್ರೀ?”

“ಮನಿಮನಿಗೆ ಹೋಗಬೇಕಂತ ಹೇಳಿಲ್ಲೇನ್ರೀ?”

“ಮೂರು ದಿನ ಹೋಗೀನ್ರೀ. ಮನಿ ಬಾಗಲಿಗೆ ಕೀಲಿ. ಈಗ ಸಸಿ ಹಚ್ಚೋ ದಿನ, ನಸುಕಿನ್ಯಾಗ ಟಂಟಂ ಹತ್ತಿದ್ರ ದೀಪ ಹಚ್ಚೋ ಹೊತ್ತಿಗೆ ಬರ್ತಾರ. ಸಂಜಿಗೆ ಕೊಟ್ರ ‘ಇಟ್ಟು ಹೋಗವಾ, ಉಂಡು ನುಂಗ್ತೀವಿ’ ಅಂತಾರ. ಇಟ್ಟು ಹೋದ ಗುಳಿಗಿ ಮರುದಿನ ಗೂಡಿನ್ಯಾಗ ಹಂಗಽ ಇರ್ತಾವ. ಅದಕ್ಕ ಟಂಟಂ ನಿಲ್ಲೋ ಜಾಗಕ್ಕ ನಾನಽ ಹೋದೆ. ಖಾಲಿ ಹೊಟ್ಟಿಗೆ ನುಂಗಬಾರದು, ಬುತ್ತಿ ಬಿಚ್ಚಿ ನಾಕು ತುತ್ತು ಉಣ್ರಿ ಅಂದೆ. ಉಂಡವ್ರಿಗೆ ಎತ್ತರ ಅಳೆದು, ಅದಕ್ಕ ತಕ್ಕಷ್ಟು ಗುಳಿಗಿ ನುಂಗಿಸ್ದೆ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ನನ್ನ ಮಾತು ಬ್ಯಾಡ್ರೀ. ಗದ್ದಿಗೆ ಹೋಗೋಣ ನಡೀರಿ. ಅವರನ್ನಽ ಕೇಳ್ರಿ.”

ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದರು. ಚಪ್ಪಲಿ ಜಾರುತ್ತದೆಂದು ಮೇಘಾ ಕೈಯಲ್ಲಿ ಹಿಡಿದುಕೊಂಡಳು. ತಣ್ಣನೆಯ ಕೆಸರು ಬೆರಳ ಸಂದಿಯಿಂದ ಮೇಲೆ ಬರುವಾಗ ಏನೋ ಒಂದು ಎಳೆತನದ ಖುಷಿ, ಅದರ ಜೊತೆಗೇ ಈಗ ಗೊತ್ತಾಗುತ್ತದೆ, ಈಗ ಗೊತ್ತಾಗುತ್ತದೆ ಎಂಬ ಬಡಿತ. ಮೊಳಕಾಲುದ್ದದ ನೀರಿನಲ್ಲಿ ಮೂವತ್ತು ಹೆಂಗಸರು ಬಾಗಿ ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಶಿವಕುಮಾರಿ ಕೂಗಿದ್ದಕ್ಕೆ ಸೊಂಟ ನೆಟ್ಟಗೆ ಮಾಡಿ ನಿಂತರು. ಮೇಘಾ ಪಟ್ಟಿ ತೆರೆದು ಹೆಸರು ಕೂಗಿದಳು; ಕೂಗಿದವರು ಕೆಸರು ಕೈಯನ್ನು ಗದ್ದೆಯ ನೀರಿನಲ್ಲಿ ಅದ್ದಿ ಮೇಲೆತ್ತಿ ತೋರಿಸಿದರು. ಬೆರಳಿನ ಬುಡದಲ್ಲಿ ಕಪ್ಪು ಗೆರೆ. ಗೆರೆ ಯಾರು ಬೇಕಾದರೂ ಎಳೆಯಬಹುದು, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಎಷ್ಟು ಗುಳಿಗಿ ಕೊಟ್ರು? ಯಾವ ಗುಳಿಗಿ ಚೀಪಿದ್ರಿ?” ಎಂದು ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೇಳಿದಳು. ಒಬ್ಬಳೂ ತಪ್ಪಲಿಲ್ಲ. ಪಕ್ಕದ ಗದ್ದೆಗಳಲ್ಲಿದ್ದ ಉಳಿದವರನ್ನು ಕೇಳಿ ಬಂದಾಗಲೂ ಅದೇ ಉತ್ತರ. ಎಲ್ಲರಿಗಿಂತ ಹಿರಿಯಳಾದ ದಾವಲ್‌ಬೀ, ತಲೆಗೆ ಟವೆಲು ಸುತ್ತಿಕೊಂಡಿದ್ದ ಮುದುಕಿ, ನಗುತ್ತ ಬದುವಿನ ಹತ್ತಿರ ಬಂದಳು.

“ಏ ಬೇಟಿ, ಏನು ಕೇಳ್ತಿ? ಈಕಿ ಭಾಳ ಜೋರು ಹೆಣ್ಣು. ನುಂಗಿದ ಮ್ಯಾಲ ಬಾಯಿ ತೆಗಿ ಅಂದ್ಲು. ನಾಲಿಗಿ ಎತ್ತು ಅಂದ್ಲು. ಅರವತ್ತು ವರ್ಷದಾಗ ನನ್ನ ನಾಲಿಗಿ ಕೆಳಗ ಯಾರೂ ಹಣಿಕಿ ನೋಡಿರಲಿಲ್ಲ!”

ಗದ್ದೆಗೆ ಗದ್ದೆಯೇ ನಕ್ಕಿತು. ಮೇಘಾಳೂ ನಕ್ಕಳು. ತಾನು ಮತ್ತೊಮ್ಮೆ ತಪ್ಪಿದ್ದಳು; ಆದರೆ ನೋವಾಗಲಿಲ್ಲ. ಅರವತ್ತೊಂದು ಹಸಿರು, ಅರವತ್ತೊಂದೂ ನಿಜ! ಮನೆಮನೆಯ ಮೇಲೆ ಅಂದವಾಗಿ ಹರಡಿದ್ದ ಎಷ್ಟೋ ಊರುಗಳ ಚುಕ್ಕೆಗಳಿಗಿಂತ ಈ ಕೊಳಕು ಗುಡ್ಡೆ ನಿಜ. ಯಾರನ್ನೋ ಹಿಡಿಯಲು ಬಂದವಳಿಗೆ ಸಿಕ್ಕ ಸಂತೋಷ, ಹಿಡಿದಿದ್ದರೆ ಸಿಗುತ್ತಿದ್ದುದಕ್ಕಿಂತ ದೊಡ್ಡದಾಗಿತ್ತು. ಅಲ್ಲೇ ಬದುವಿನ ಮೇಲೆ ನಿಂತು ಕೆಂಪು ಬಳೆಯನ್ನು ಒತ್ತಿ, ‘ಪರಿಶೀಲಿಸಲಾಗಿದೆ, ಸರಿ ಇದೆ’ ಎಂದು ಬರೆದಳು. ಬಳೆ ಮಾಯವಾಯಿತು. ಶಿವಕುಮಾರಿ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕಕ್ಕೆ ತಿರುಗಿದಳು. ಅವಳ ಭುಜ ಒಮ್ಮೆ ಅಲುಗಿತು.

ಹೆಂಗಸರು ಬುತ್ತಿ ಬಿಚ್ಚಿದ ಹೊತ್ತಿಗೆ ಅವಳನ್ನೂ ಕೂರಿಸಿಕೊಂಡರು. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ದಾವಲ್‌ಬೀ ರೊಟ್ಟಿ ಕೊಡುವಾಗ ಅವಳ ಬೆರಳು ಹಿಡಿದು, “ನೀನೂ ನುಂಗೀದಿ ನೋಡು” ಎಂದು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು. “ಕಹಿ ಹತ್ತಿತೇನು?”

ಮೇಘಾ ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಇದ್ದಳು. ಹೂಂ ಎಂದರೆ ಮುಗಿಯಿತು. ಐದು ದಿನದಿಂದ ಎಲ್ಲರಿಗೂ ಹೂಂ ಎಂದವಳೇ. ಆದರೆ ಈ ಮೂವತ್ತು ಬಾಯಿಗಳು ಇವತ್ತು ನಸುಕಿನಲ್ಲಿ ತೆರೆದಿದ್ದವು, ನಾಲಿಗೆ ಎತ್ತಿದ್ದವು. ಅವುಗಳ ಎದುರು ಸುಳ್ಳು ಹೊರಬೀಳಲೇ ಇಲ್ಲ. ಹೊಟ್ಟೆ ತುಂಬ ಉಂಡಳು. ನೀರು ಕುಡಿದಳು. ಆಮೇಲೆ ಶಿವಕುಮಾರಿಯ ಕಡೆ ತಿರುಗಿ, “ಅಕ್ಕಾ, ನಂಗೂ ಕೊಡ್ರಿ” ಎಂದಳು.

“ನಿಮ್ದು ಆಗ್ಯಾದಲ್ರೀ ಮೇಡಂ?”

“ಇಲ್ರೀ. ಆಗಿಲ್ಲ.”

ಶಿವಕುಮಾರಿ ಚೀಲದಿಂದ ಎತ್ತರ ಅಳೆಯುವ ಕೋಲು ತೆಗೆದು ಪಕ್ಕಕ್ಕೆ ಹಿಡಿದಳು, ಗುಳಿಗೆ ಎಣಿಸಿ ಅಂಗೈಗೆ ಹಾಕಿದಳು. ಮೇಘಾ ನುಂಗಿದಳು, ಚೀಪುವುದನ್ನು ಚೀಪಿದಳು. “ಬಾಯಿ ತೆಗೀರಿ,” ಎಂದಳು ಶಿವಕುಮಾರಿ, ಮೃದುವಾಗಿ, ಆದರೆ ಬಿಡದೆ. “ನಾಲಿಗಿ ಎತ್ರಿ.” ಬಯಲಲ್ಲಿ, ಬಿಸಿಲಲ್ಲಿ, ಮೂವತ್ತು ಜನರ ಎದುರು ಬಾಯಿ ತೆರೆದು ನಿಂತಾಗ ಮೇಘಾಳಿಗೆ ನಗು ಬಂತು, ಅಳುವೂ ಬಂತು. ಫೋನಿನಲ್ಲಿ ಹೆಸರು ಹಾಕಿದರೆ ‘ಇವರು ಈಗಾಗಲೇ ನುಂಗಿದ್ದಾರೆ’ ಎಂದಿತು. ಹಳೆಯದನ್ನು ತೆಗೆಯಬೇಕಾದರೆ ಕಾರಣ ಬರೆಯಬೇಕು. ಬರೆದದ್ದು ಮೇಲಿನವರೆಲ್ಲರಿಗೂ ಹೋಗುತ್ತದೆ. ಮೇಘಾ ಫೋನು ಇಸಿದುಕೊಂಡು ‘ಆ ದಿನ ನುಂಗಿರಲಿಲ್ಲ’ ಎಂದು ಬರೆದು ಒತ್ತಿದಳು. ಎತ್ತರದಿಂದ ಕಾಲುವೆಗೆ ಹಾರಿ, ಇನ್ನೂ ನೀರು ಮುಟ್ಟದ ಹುಡುಗರ ಹಾಗಾಗಿತ್ತು ಅವಳಿಗೆ. ಆ ರಭಸದಲ್ಲೇ ತನ್ನ ಫೋನು ತೆಗೆದು ಶಾಹೀಸ್ತಾಳಿಗೂ ಬರೆದಳು: ‘ಅವತ್ತು ನಿಮ್ಮನ್ನ ಕೇಳದೆ ಗುಂಪಿಗೆ ಹಾಕಿದ್ದು ನನ್ನ ತಪ್ಪು. ಇವತ್ತು ಮೀಟಿಂಗ್‌ನಾಗ ಎಲ್ಲಾರ ಮುಂದ ಹೇಳ್ತೀನಿ.’ ಉತ್ತರ ಬರಲಿಲ್ಲ.

ಮಧ್ಯಾಹ್ನವಿಡೀ ಇಬ್ಬರೂ ಉಳಿದ ಮನೆಗಳನ್ನು ಸುತ್ತಿದರು. ಕೀಲಿ, ಕೀಲಿ, ಬೇಡ, ನಾಳೆ ಬರ್ರಿ. ಮೇಲಿನವರ ಫೋನು ಬಂತು. “ಏನು ಬರೆದೀರಿ ನೀವು? ಮೇಲ್ವಿಚಾರಣೆ ಮಾಡೋರೇ ಹಿಂಗಾದ್ರ ಹೆಂಗ್ರೀ? ಸಂಜಿಗೆ ಮಾತಾಡೋಣ” ಎಂದು ಇಟ್ಟರು. ಕೆಲಸ ಹೋದರೂ ಹೋಗಬಹುದು. ಆ ಯೋಚನೆ ಬಂದು ನಿಲ್ಲದೆ ಹಾದುಹೋಯಿತು, ಏಕೆಂದರೆ ಮೂರೂವರೆಯ ಬಿಸಿಲಲ್ಲಿ ಅವಳಿಗೆ ಚಳಿಯಾಗುತ್ತಿತ್ತು. ಮೊದಲು ಬೆನ್ನಿನ ನಡುವೆ ಒಂದು ತಣ್ಣನೆಯ ಗೆರೆ. ಆಮೇಲೆ ಹಲ್ಲು ಕಟಕಟಿಸತೊಡಗಿದವು. ಕಣ್ಣಿನ ಹಿಂದೆ ನೋವು, ಕೀಲುಕೀಲಿನಲ್ಲಿ ಯಾರೋ ಹಿಂಡಿದ ಹಾಗೆ. ಬಂತು, ಎಂದುಕೊಂಡಳು. ಎಷ್ಟೋ ವರ್ಷ ಹೆದರಿದ್ದು ಇದಕ್ಕೇ. ಆದರೆ ಈಗ ಹೆದರಿಕೆಯ ಜಾಗದಲ್ಲಿ ಒಂದು ವಿಚಿತ್ರ ಉತ್ಸಾಹ: ಒಳಗೆ ಯುದ್ಧ ನಡೆಯುತ್ತಿದೆ, ಸಾಯುತ್ತಿವೆ, ನನ್ನೊಳಗೆ ಕಳ್ಳರ ಹಾಗೆ ಕೂತು ಉಂಡವು ಸಾಯುತ್ತಿವೆ! ಅಪ್ಪನಿಗೆ ಪ್ರಾಯದಲ್ಲಿ ಇದೇ ಗುಳಿಗೆಯನ್ನು ಯಾರೂ ಬಾಯಿ ತೆರೆಸಿ ನುಂಗಿಸಲಿಲ್ಲ. ಶಿವಕುಮಾರಿ ಅವಳನ್ನು ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ಆರೋಗ್ಯ ಕೇಂದ್ರದ ನರ್ಸಿಗೆ ಫೋನು ಮಾಡಿ, ಅವರು ಹೇಳಿದಂತೆ ಜ್ವರದ ಗುಳಿಗೆ ಕೊಟ್ಟಳು.

ಹಳ್ಳಿಯಲ್ಲಿ ಸುದ್ದಿಗೆ ನೆಟ್‌ವರ್ಕ್ ಬೇಕಿಲ್ಲ. ಅರ್ಧ ತಾಸಿನಲ್ಲಿ ಮನೆಯ ಮುಂದೆ ಇಪ್ಪತ್ತು ಜನ, ಟಂಟಂಗಳು ಗದ್ದೆಯಿಂದ ಬಂದ ಮೇಲೆ ಐವತ್ತು. ಮುಂದುಗಡೆ ಅಮರಗುಂಡಪ್ಪನವರು. ಯಾರೋ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. “ನೋಡ್ರಿ, ಗುಳಿಗಿ ಕೊಡಾಕ ಬಂದಾಕಿಗೇ ಹಿಂಗಾತಲ್ಲ. ನಾ ಹೇಳಿಲ್ಲೇನು?” ಎನ್ನುತ್ತಿದ್ದರು ಅವರು. ದನಿಯಲ್ಲಿ ಕೇಡಿರಲಿಲ್ಲ, ಗೆದ್ದವರ ಸಮಾಧಾನವಿತ್ತು. ಬೆಳಿಗ್ಗೆ ನುಂಗಿದ್ದ ಹೆಂಗಸರ ಮುಖದಲ್ಲೂ ಈಗ ಭಯ. ಶಿವಕುಮಾರಿ ಕಿವಿಯ ಹತ್ತಿರ ಬಾಗಿ, “ಬಿಸಿಲಿಗೆ ಹಿಂಗಾತು ಅಂತ ಹೇಳಿಬಿಡ್ರಿ ಮೇಡಂ. ಇಲ್ಲಾಂದ್ರ ನಾಳೆಯಿಂದ ಒಬ್ಬರೂ ಬಾಯಿ ತೆಗಿಯಂಗಿಲ್ಲ” ಎಂದಳು. ಹೇಳಬಹುದಿತ್ತು. ಎಷ್ಟು ಸುಲಭದ ಸುಳ್ಳು, ಒಳ್ಳೆಯ ಕೆಲಸಕ್ಕೇ ಹೇಳುವ ಸುಳ್ಳು. ಮೇಘಾ ಕಂಬಳಿ ಹಿಡಿದುಕೊಂಡೇ ಎದ್ದು ನಿಂತಳು. ಮುಖಗಳು ಅಲೆಯಲೆಯಾಗಿ ಅಲುಗಿದವು. ಫೋನು ಹಿಡಿದವನ ಕಡೆಗೇ ತಿರುಗಿ, “ನೆಟ್ಟಗ ಹಿಡಿಯಪಾ, ಮಾತು ಸರಿ ಕೇಳಬೇಕು” ಎಂದಳು.

“ಬಿಸಿಲಿಗಲ್ರೀ. ಗುಳಿಗಿಗೇ ಜ್ವರ ಬಂದೈತಿ. ಯಾಕಂದ್ರ ನನ್ನ ಮೈಯಾಗ ಆ ಹುಳ ಅದಾವ. ಅವು ಸಾಯಾಕತ್ತ್ಯಾವ, ಅದಕ್ಕ ಈ ಜ್ವರ. ಮೈಯಾಗ ಹುಳ ಇಲ್ಲದವ್ರಿಗೆ ಹಿಂಗ ಆಗಂಗಿಲ್ಲ. ಇದ್ದವ್ರಿಗೆ ಒಂದೆರಡು ದಿನ ಆಗಿ ಹೋಗ್ತದ. ನಾ ಮಸ್ಕಿ ಸಾಲಿ ಜವಾನ ಅಂಬಪ್ಪನ ಮಗಳು. ನಮ್ಮಪ್ಪಗ ಆನಿಕಾಲು. ನಂಗ ಹೊರಗ ಏನೂ ಕಾಣಂಗಿಲ್ಲ, ನೋಡ್ರಿ, ಎರಡೂ ಕಾಲು ಸಮ ಅದಾವ. ಆದ್ರ ಹುಳ ಇದ್ವು. ನಾಕು ದಿನದ ಹಿಂದ ಫೋಟೋ ತೆಗೆಸ್ಕೊಂಡೆ, ಗುಳಿಗಿ ನುಂಗಲಿಲ್ಲ. ಅಂಜಿದ್ದೆ. ಗೊತ್ತಾಗ್ತದಂತ ಅಂಜಿದ್ದೆ.”

ಹೇಳಿ ಮುಗಿಸಿ ಕೂತುಬಿಟ್ಟಳು. ಈಗ ಏನಾಗುತ್ತದೋ ಎಂಬ ಕುತೂಹಲ ಜ್ವರದಷ್ಟೇ ಜೋರಾಗಿ ಅವಳನ್ನು ನಡುಗಿಸುತ್ತಿತ್ತು. ಗುಂಪನ್ನು ಸೀಳಿಕೊಂಡು ದಾವಲ್‌ಬೀ ಬಂದಳು, ಕೆಸರು ಒಣಗಿದ ಕೈಯನ್ನು ಅವಳ ಹಣೆಗಿಟ್ಟು, “ಸುಡಾಕತ್ತೈತಿ. ಸುಡಲಿ, ಸುಡಲಿ” ಎಂದಳು. ಆಮೇಲೆ ಗುಂಪಿನ ಕಡೆ ತಿರುಗಿ, “ಏನು ನೋಡ್ತೀರಿ? ನಿಮಗೆಲ್ಲ ಇಲ್ಲಂತ ಯಾರು ಹೇಳ್ಯಾರ? ಉಂಡಿದ್ರ ಬರ್ರಿ, ಇಲ್ಲಾಂದ್ರ ಉಂಡು ಬರ್ರಿ” ಎಂದು ಗದರಿದಳು. ಒಬ್ಬ ಮುದುಕ ಮುಂದೆ ಬಂದ. ಅವನ ಹಿಂದೆ ಇಬ್ಬರು ಹೆಂಗಸರು. ಹಲವರು ತಲೆಯಾಡಿಸಿ ಹೊರಟುಹೋದರು. ಆದರೆ ಶಿವಕುಮಾರಿ ಕೋಲು ತೆಗೆದು ಗೋಡೆಗೆ ಆನಿಸಿ, “ಸಾಲಿಗೆ ನಿಲ್ರಿ” ಎನ್ನುವಷ್ಟು ಜನ ಉಳಿದರು. ಅಮರಗುಂಡಪ್ಪನವರು ಕೈಕಟ್ಟಿ ಅಲ್ಲೇ ನಿಂತಿದ್ದರು, ಹೋಗಲೂ ಇಲ್ಲ, ಬರಲೂ ಇಲ್ಲ.

ಅವರ ಪಕ್ಕದಿಂದ ಒಬ್ಬಳು ಹುಡುಗಿ ಸಾಲಿಗೆ ಬಂದು ನಿಂತಳು. ಅಮರಗುಂಡಪ್ಪನವರು “ಶೈಲಜಾ” ಎಂದರು, ಅಷ್ಟೇ. ಮಗಳನ್ನು ಕರೆಯುವ ದನಿ. ಅವಳು ತಿರುಗಿ ನೋಡಲಿಲ್ಲ. ಸಾಲು ಸರಿಯುತ್ತ ಕಟ್ಟೆಯ ಹತ್ತಿರ ಬಂದಾಗ ಅವಳು ಮೇಘಾಳ ಕಡೆ ಬಾಗಿ, ಬೇರೆ ಯಾರಿಗೂ ಕೇಳಿಸದಂತೆ, “ಜ್ವರ ಬಂದ್ರ ಎಲ್ಲಾರಿಗೂ ಗೊತ್ತಾಗ್ತದಲ್ರೀ?” ಎಂದಳು. ಕೈಯಲ್ಲಿ ಹೊಸ ಮೆಹಂದಿಯ ಕೆಂಪು. ಇನ್ನು ಕೆಲವು ದಿನಗಳಲ್ಲಿ ಮದುವೆಯಿರಬೇಕು.

“ಗೊತ್ತಾಗ್ತದ,” ಎಂದಳು ಮೇಘಾ. “ಬರದೇನೂ ಇರಬಹುದು. ಬಂದ್ರ ನಾ ಇಲ್ಲೇ ಇರ್ತೀನಿ.”

ಶೈಲಜಾ ನುಂಗಿದಳು. ಬಾಯಿ ತೆರೆದಳು. ನಾಲಿಗೆ ಎತ್ತಿದಳು. ಬೆರಳಿಗೆ ಗೆರೆ ಹಾಕಿಸಿಕೊಂಡು, ತಂದೆಯ ಕಡೆ ಒಮ್ಮೆ ನೋಡಿ, ಮನೆಗೆ ಹೋಗುವ ಬದಲು ಕಟ್ಟೆ ಹತ್ತಿ ಮೇಘಾಳ ಪಕ್ಕ ಕುಳಿತಳು. ಅಮರಗುಂಡಪ್ಪನವರು ಕಟ್ಟಿದ ಕೈ ಬಿಚ್ಚಿದರು. ದೀಪ ಹಚ್ಚುವ ಹೊತ್ತಾಗುತ್ತಿತ್ತು, ಕಾಲುವೆಯ ಕಡೆಯಿಂದ ಗಾಳಿ ಬಂತು. ಶಿವಕುಮಾರಿ ಮುಂದಿನ ಹೆಸರು ಕೂಗುತ್ತಿದ್ದಳು.

“ಈಗ ಏನ್ ಮಾಡಬೇಕ್ರೀ?” ಎಂದು ಕೇಳಿದಳು ಶೈಲಜಾ.

“ಏನಿಲ್ಲ,” ಎಂದು ಮೇಘಾ ಹಲ್ಲು ಕಟಕಟಿಸುತ್ತಲೇ ನಕ್ಕು, ಕಂಬಳಿಯ ಅರ್ಧವನ್ನು ಅವಳ ಕಡೆ ಸರಿಸಿದಳು. “ಕಾಯೋದು.”